ಋ ಮಹಡಿ

ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆ ಕೊಯ್ದು
ಗೋದಾಮಿನ ಟೇಪು, ಮಾರ್ಕರು, ಖಾಲಿ ಡಬ್ಬಿ ಹೊತ್ತು ತಂದು
ಶುಕ್ರವಾರ ರಾತ್ರಿಯಿಡೀ ಕೂತು ಆಟ ಮಾಡಿದೆ.
ಶನಿವಾರ ಹತ್ತಕ್ಕೆ ಕನ್ನಡದ ಕ್ಲಾಸು.
ಶಾರ್ಜಾ, ಅಬು ಶಗಾರ, ಹನ್ನೆರಡನೇ ಮಹಡಿ,
ಗ್ರೇಸಿಯಾ ಬಾಯಿಯವರ ಮನೆಯಲ್ಲಿ
ಸೋಫಾ ಸರಿಸಿದರೆ ಸಿಗುವಷ್ಟು ಜಾಗ.

ನೋಟುಬುಕ್ಕಿನಲ್ಲಿ ಗೆರೆ ಎಳೆದಿದ್ದೆ:
ಕಣ್ಣಿನ ಮಕ್ಕಳು, ಕಿವಿಯ ಮಕ್ಕಳು, ಕೈಯ ಮಕ್ಕಳು.
ಹನ್ನೊಂದು ಹೆಸರು, ಮೂರು ಗೂಡು.
ದಿನವಿಡೀ ಸರಕು ವಿಂಗಡಿಸುವವನಿಗೆ ಇದೇನು ಮಹಾ?
ಒಡೆಯುವುದು ಇತ್ತ, ಬಾಡುವುದು ಅತ್ತ,
ಉಳಿದದ್ದು ನಡುವೆ.

ಜೋವಿಟನಿಗೆ ಉಪ್ಪುಕಾಗದದ ಅಕ್ಷರ.
ಕಣ್ಣು ಕಟ್ಟಿಕೊಂಡು ಸವರಬೇಕು.
'ಳ'ದ ಹೊಟ್ಟೆಯೊಳಗೆ ಬೆರಳು ಹೊಕ್ಕು ಸುತ್ತಿ ಸುತ್ತಿ
"ಅಂಕಲ್, ಇದು ರೌಂಡಬೌಟು,
ಎಕ್ಸಿಟ್ಟೇ ಇಲ್ಲ" ಅಂದ.

ಲವಿಶಾಳದು ಕಿವಿಯ ಗೂಡು.
ಡಬ್ಬಿ ಅಲ್ಲಾಡಿಸಿ ಹೇಳಬೇಕು
ಕಡಲೆಯ ಕ ಯಾವುದು, ಖರ್ಜೂರದ ಬೀಜದ ಖ ಯಾವುದು.
ಅವಳು ಅಲ್ಲಾಡಿಸಲೇ ಇಲ್ಲ.
ಮುಚ್ಚಳಕ್ಕೆ ಮುಖ ಹಚ್ಚಿ, ಮೂಸಿ, ಎರಡನ್ನೂ ಸರಿ ಹೇಳಿದಳು.
ಮೂಗಿಗೆ ನನ್ನಲ್ಲಿ ಗೂಡಿರಲಿಲ್ಲ.

ಮತ್ತೆ ಅಫ್ನಾನ್.
ಚಪ್ಪಲಿ ಸ್ಟ್ಯಾಂಡಿನ ಪಕ್ಕ, ತಮ್ಮನನ್ನು ಮಡಿಲಲ್ಲಿಟ್ಟುಕೊಂಡು,
'ಕ್ಕ'ದ ಕಾಲಿಗೆ ಜೋತುಬಿದ್ದ ಒತ್ತಕ್ಷರದ ಹಾಗೆ ಅವನು,
ಅವಳು ಅಲುಗುವುದಿಲ್ಲ.
ದಾಳ ಕೊಟ್ಟರೆ ತಮ್ಮನಿಗೆ ದಾಟಿಸುತ್ತಾಳೆ.
ಚಿತ್ರ ತೋರಿಸಿದರೆ ನೋಡುತ್ತಾಳೆ, ನಾನು ಹಿಡಿದ ಕೈಯನ್ನು.
"ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ" ಎಂದು ಅವಳ ಅಮ್ಮ,
"ಆದರೆ ಅದು ಬ್ಯಾರಿಯಲ್ಲಿ."
ಮೂರು ಶನಿವಾರ ಕಳೆಯಿತು. ಮೂರೂ ಗೂಡಿನಲ್ಲಿ
ಅವಳ ಹೆಸರು ಬರೆದೆ, ಹೊಡೆದೆ, ಬರೆದೆ.

ನಾಲ್ಕನೆಯ ಶನಿವಾರ
ಸೋತ ಆಟಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಲಿಫ್ಟು ಹತ್ತಿದೆ.
ಒಳಗೆ ಅಕ್ಕ ತಮ್ಮ.
ಅವನು ತುದಿಗಾಲಲ್ಲಿ ನಿಂತು ಆರು ಒತ್ತಿದ.
ಬಾಗಿಲು ಮುಚ್ಚಿತು. ಮೇಲೆ ಕೆಂಪು ಅಂಕಿ ಉರಿಯತೊಡಗಿತು.
"ಔ" ಎಂದ ಅವನು.
"ಓ." "ಒ."
ಸ್ವರಗಳು ಹಿಮ್ಮುಖವಾಗಿ ಇಳಿಯುವುದನ್ನು
ನಾನು ಕೇಳಿದ್ದು ಅದೇ ಮೊದಲು.
"ಐ."
ಎಂಟರಲ್ಲಿ ಲಿಫ್ಟು ನಿಂತು, ಗಾಡಿ ತಳ್ಳುತ್ತ
ಈಜಿಪ್ಟಿನ ಹೆಂಗಸೊಬ್ಬಳು ಒಳಬಂದಳು.
"ಏ!" ಎಂದು ಕೂಗಿದ.
ತನ್ನನ್ನೇ ಕರೆದನೆಂದು ತಿರುಗಿ ಆಕೆ, "ಐವಾ?"
"ಅಲ್ಲ, ಐ ಆಗಲೇ ಹೋಯ್ತು" ಎಂದ,
ತೀರ ಗಂಭೀರವಾಗಿ.

ಆಗ ಅಫ್ನಾನ್ ನನ್ನತ್ತ ನೋಡದೆ, ಬಾಗಿಲಿಗೆ ಹೇಳುವಂತೆ ಹೇಳಿದಳು:
ನೆಲದಂತಸ್ತು ಅ.
ಬಾಲ್ಕನಿಯಲ್ಲಿ ಬೆಕ್ಕು ಮಲಗುವ ಮನೆ ಈ.
ಟೆರೇಸಿನ ಮೇಲೆ ಒಂದು ನೀರಿನ ಟ್ಯಾಂಕಿ ಇದೆಯಲ್ಲ, ಅದು ಅಂ.
ಪಕ್ಕದಲ್ಲಿ ಒಂದರ ಮೇಲೊಂದು ಎರಡು ಡಿಶ್ಶು, ಅಃ.
"ಋ ನಮ್ಮ ಮನೆ."

ಋ.
ಋಷಿಯ ಗಡ್ಡ ಬಿಟ್ಟರೆ ಬೇರೆ ಚಿತ್ರ ಸಿಗದೆ
ಪ್ರತಿ ಆಟದಲ್ಲೂ ನಾನು ಹಾರಿಸಿದ ಅಕ್ಷರ.
ಅದರ ಬಾಗಿಲು ತೆರೆಯಿತು. ಮೀನು ಹುರಿಯುವ ವಾಸನೆ,
ಒದ್ದೆ ಕಾಲೊರಸು, ಮೂರು ಗಾಲಿಯ ಒಂದು ಸೈಕಲ್ಲು.
ಅಕ್ಕ ತಮ್ಮ ಅದರೊಳಗೆ ಹೋದರು.

ಎಷ್ಟು ದಿನದಿಂದ ಈ ಕ್ಲಾಸು ನಡೆಯುತ್ತಿತ್ತೋ.
ರಟ್ಟಿಲ್ಲ, ಅಂಟಿಲ್ಲ, ಗೆದ್ದವರಿಗೆ ಸ್ಟಾರಿಲ್ಲ.
ಕಣ್ಣೋ ಕಿವಿಯೋ ಕೈಯೋ
ಅಥವಾ ಹೊಟ್ಟೆಯಲ್ಲಿ ಜುಮ್ಮೆನ್ನುವ ಆ ಇಳಿತವೋ,
ಯಾವುದು ಕಲಿತಿತು ಎಂದು ನನಗೆ ಗೊತ್ತಿಲ್ಲ.
ಒಬ್ಬನಿಗೆ ಹೇಳಿಕೊಡಬೇಕಿತ್ತು, ಅಷ್ಟೇ, ಅವಳಿಗೆ.

ಅ ಬಂತು. ಗಾಡಿ ತಳ್ಳುತ್ತ ಆಕೆ ಇಳಿದಳು.
ನನ್ನ ಕಾರಿರುವುದು ಅದಕ್ಕೂ ಕೆಳಗೆ, ಬೇಸ್‌ಮೆಂಟಿನಲ್ಲಿ.
ಗುಂಡಿಗೆ ಬೆರಳಿಟ್ಟು ತಡೆದೆ.
ಅ ಕೆಳಗೆ ಏನಿದೆ?
ಕಂಕುಳಲ್ಲಿ ಕಡಲೆಯ ಡಬ್ಬಿ ಒಮ್ಮೆ ಗಲಗಲ ಎಂದಿತು.
ಮುಂದಿನ ಶನಿವಾರ ಕೇಳಬೇಕು ಅವಳನ್ನು.